ಸಣ್ಣ ಉದ್ಯಮಕ್ಕೆ ಗ್ರಾಫಿಕ್ಸ್ ಟ್ಯಾಬ್ಲೆಟ್: ಸರಕಿನ ಚಿತ್ರ ಮತ್ತು ವಿನ್ಯಾಸಗಳು ನಮ್ಮ ಅಂಗಡಿಯಲ್ಲೇ

ಗ್ರಾಹಕನು ಸರಕನ್ನು ಕೈಗೆತ್ತಿಕೊಂಡು ನೋಡುವುದಕ್ಕೆ ಮೊದಲೇ ಅದರ ಚಿತ್ರವನ್ನು ಕಂಡು ಮನಸ್ಸು ಮಾಡುವ ಕಾಲವಿದು. ಸಗಟು ಖರೀದಿದಾರರು ಸಹ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕು ಚಿತ್ರಗಳನ್ನು ನೋಡಿ ದರ ವಿಚಾರಿಸುತ್ತಾರೆ. ಹೀಗಿದ್ದರೂ ನಮ್ಮ ಬಹುತೇಕ ಸಣ್ಣ ಘಟಕಗಳಲ್ಲಿ ಚಿತ್ರಗಳನ್ನು ತಿದ್ದುವ, ವಿನ್ಯಾಸಗಳನ್ನು ಬರೆಯುವ ಕೆಲಸ ಇಂದಿಗೂ ಹೊರಗಿನ ಸ್ಟುಡಿಯೋ ಅಥವಾ ಡಿಟಿಪಿ ಕೇಂದ್ರಗಳ ಕೈಯಲ್ಲಿದೆ. ಇದಕ್ಕೆ ತಗಲುವ ಹಣದ ಮಾತು ಹಾಗಿರಲಿ. ಮೂಲ ಕಡತಗಳು ಅಲ್ಲಿಯೇ ಉಳಿದುಬಿಡುತ್ತವೆ ಎಂಬುದು ಹೆಚ್ಚು ಯೋಚಿಸಬೇಕಾದ ವಿಷಯ. ಇನ್ನೂ ಮಾರುಕಟ್ಟೆಗೆ ಬಾರದ ಹೊಸ ವಿನ್ಯಾಸವೊಂದು ನಾಲ್ಕಾರು ಜನ ಬಂದುಹೋಗುವ ಗಣಕಯಂತ್ರದಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತದೆ.

ಈ ಕೆಲಸವನ್ನು ಅಂಗಡಿಯೊಳಗೆ ತರಲು ನೆರವಾಗುವ ಸಾಧನವೇ ಗ್ರಾಫಿಕ್ಸ್ ಟ್ಯಾಬ್ಲೆಟ್. ಪರದೆಯಿಲ್ಲದ ಸಾಧಾರಣ ಮಾದರಿಗಳು ಸುಮಾರು ಎರಡರಿಂದ ಐದು ಸಾವಿರ ರೂಪಾಯಿಗಳೊಳಗೆ ದೊರೆಯುತ್ತವೆ. ಇದು ಕೊಂಡವರನ್ನೆಲ್ಲ ಚಿತ್ರಕಾರರನ್ನಾಗಿ ಮಾಡುವ ಸಾಧನವಲ್ಲ. ಸರಕಿನ ಅಂಚನ್ನು ಹಿಡಿದು ಹಿನ್ನೆಲೆಯಿಂದ ಬೇರ್ಪಡಿಸುವುದು, ಬೆಳಕು ನೆರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊಂದಿಸುವುದು, ಕಾಗದದ ಮೇಲಿನ ನಕ್ಷೆಯನ್ನು ಗಣಕಕ್ಕೆ ಇಳಿಸುವುದು, ಈ ಮೂರು ಕೆಲಸಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಸಾಧನದ ಪರಿಚಯ

ಚಪ್ಪಟೆಯಾದ ಹಲಗೆಯೊಂದು, ಅದರ ಜೊತೆಗೊಂದು ಪೆನ್ನು. ಯುಎಸ್‌ಬಿ ತಂತಿಯ ಮೂಲಕ ಗಣಕಯಂತ್ರಕ್ಕೆ ಸಂಪರ್ಕ. ಹಲಗೆಯ ಮೇಲೆ ಪೆನ್ನು ಎಲ್ಲಿದೆಯೋ ಪರದೆಯ ಮೇಲೆ ಅದೇ ಸ್ಥಾನದಲ್ಲಿ ಬಾಣದ ಗುರುತು ನಿಲ್ಲುತ್ತದೆ. ಮೌಸ್ ಹಾಗಲ್ಲ. ಅದು ಎಷ್ಟು ಸರಿಯಿತೆಂಬುದನ್ನು ಮಾತ್ರ ತಿಳಿಸುತ್ತದೆ, ಎತ್ತಿಟ್ಟರೆ ಸ್ಥಾನ ಮರೆಯುತ್ತದೆ. ಪೆನ್ನನ್ನು ಒತ್ತಿದಷ್ಟೂ ಗೆರೆ ದಪ್ಪವಾಗುವುದು ಅಥವಾ ಬಣ್ಣ ಗಾಢವಾಗುವುದು ಇದರ ಇನ್ನೊಂದು ಗುಣ.

ಜಪಾನಿನಲ್ಲಿ 1983ರಲ್ಲಿ ಸ್ಥಾಪನೆಯಾದ ವೇಕಾಮ್ ಸಂಸ್ಥೆಯು ಬ್ಯಾಟರಿಯಿಲ್ಲದ ಪೆನ್ನಿನಿಂದ ಹೆಸರು ಗಳಿಸಿತು. ಹಲಗೆಯು ಹೊರಸೂಸುವ ವಿದ್ಯುತ್ಕಾಂತೀಯ ಸಂಕೇತದಿಂದಲೇ ಪೆನ್ನಿನೊಳಗಿನ ಸುರುಳಿಯು ಶಕ್ತಿ ಪಡೆದು ಉತ್ತರ ನೀಡುತ್ತದೆ. ಇಂದು ಚೀನಾದಲ್ಲಿ ತಯಾರಾಗುವ ಹುಯಾನ್, ಎಕ್ಸ್‌ಪಿ-ಪೆನ್ ಮೊದಲಾದ ಅಗ್ಗದ ಮಾದರಿಗಳಲ್ಲಿಯೂ ಬ್ಯಾಟರಿಯಿಲ್ಲದ ಪೆನ್ನು ಸಾಮಾನ್ಯವಾಗಿರುವುದರಿಂದ ಬ್ಯಾಟರಿ ಹಾಕುವ ಹಳೆಯ ಮಾದರಿಯನ್ನು ಕೊಳ್ಳಲು ಕಾರಣವೇ ಇಲ್ಲ.

ಕೊಳ್ಳುವಾಗ ಮಾರಾಟಗಾರರು ಮೊದಲು ಹೇಳುವುದು ಒತ್ತಡದ ಹಂತಗಳನ್ನು: 2048, 4096, 8192, 16384. ಈ ಅಂಕಿಗಳಿಗೆ ಮರುಳಾಗಬೇಕಿಲ್ಲ. ಸರಕಿನ ಚಿತ್ರ ತಿದ್ದುವವರಿಗೆ 2048 ಹಂತಗಳು ಧಾರಾಳ. ಪೆನ್ನು ಮೆಲ್ಲನೆ ತಾಗಿದೊಡನೆ ಗೆರೆ ಮೂಡುವುದೇ, ಇಳಿಜಾರು ಗೆರೆಯನ್ನು ನಿಧಾನವಾಗಿ ಎಳೆದರೆ ನಡುಗುವುದೇ ಎಂಬುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ ನೋಡುವುದು ಲೇಸು. ಅಳತೆಯ ವಿಷಯದಲ್ಲಿ, ವೇಕಾಮ್‌ನ ‘ಒನ್ ಬೈ ವೇಕಾಮ್’ ಸಣ್ಣ ಮಾದರಿಯ ಕೆಲಸದ ಜಾಗ 152 x 95 ಮಿಲಿಮೀಟರ್. ಬಿಲ್ಲು ಬರೆಯುವ ಮೇಜಿನ ಮೂಲೆಯಲ್ಲಿಟ್ಟು ಚಿತ್ರ ತಿದ್ದಲು ಇಷ್ಟು ಸಾಕು. ಕೈ ಬೀಸಿ ಉದ್ದ ಗೆರೆಗಳನ್ನು ಬರೆಯಬೇಕಾದವರು, ಅಂದರೆ ಸೀರೆಯ ಸೆರಗು, ಕೆತ್ತನೆಯ ನಕ್ಷೆಗಳ ಕೆಲಸವುಳ್ಳವರು, 10 x 6 ಅಂಗುಲದ ಮಾದರಿಯನ್ನು ನೋಡಬೇಕು. ಪರದೆಯುಳ್ಳ ಟ್ಯಾಬ್ಲೆಟ್‌ಗಳ ಬೆಲೆ ಹಲವು ಪಟ್ಟು ಹೆಚ್ಚು; ಮೊದಲ ಖರೀದಿಗೆ ಅವು ಬೇಡವೆಂಬುದು ನಮ್ಮ ಸಲಹೆ.

ಯಾರಿಗೆ ಬೇಡ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಯಂತ್ರದ ಬಿಡಿಭಾಗ, ತಗಡಿನ ಕೆಲಸ, ಪೀಠೋಪಕರಣಗಳ ಅಳತೆಯ ನಕ್ಷೆ ಮುಂತಾದವುಗಳಲ್ಲಿ ಅಳತೆಯನ್ನು ಅಂಕಿಯಲ್ಲಿ ಕೊಡಬೇಕಾಗುತ್ತದೆ. ಅಲ್ಲಿ ಕ್ಯಾಡ್ ತಂತ್ರಾಂಶ, ಮೌಸ್ ಹಾಗೂ ಕೀಲಿಮಣೆಗಳೇ ಸರಿ. ತಿಂಗಳಿಗೆ ಐದಾರು ಚಿತ್ರಗಳಷ್ಟೇ ಬೇಕಾಗುವ ಅಂಗಡಿಗೂ ಇದರಿಂದ ಲಾಭ ಕಾಣದು. ಒಂದು ಲೆಕ್ಕ ನೋಡೋಣ: ಟ್ಯಾಬ್ಲೆಟ್‌ನ ಬೆಲೆ ಮೂರು ಸಾವಿರ, ಒಂದು ಚಿತ್ರದ ಹಿನ್ನೆಲೆ ತೆಗೆಸಲು ಹೊರಗೆ ನಲವತ್ತು ರೂಪಾಯಿ ಎಂದಿಟ್ಟುಕೊಳ್ಳಿ. 75 ಚಿತ್ರಗಳಿಗೆ ಬೆಲೆ ಹುಟ್ಟುತ್ತದೆ. ಆದರೆ ಒಂದು ಚಿತ್ರಕ್ಕೆ ಹತ್ತು ನಿಮಿಷದಂತೆ 75 ಚಿತ್ರಗಳಿಗೆ ಹನ್ನೆರಡೂವರೆ ಗಂಟೆ ನಮ್ಮ ಸಿಬ್ಬಂದಿಯ ಕೆಲಸವೂ ಸೇರುತ್ತದೆ. ಅದನ್ನು ಸಂಬಳದ ಲೆಕ್ಕದಲ್ಲಿ ಹಿಡಿದ ಮೇಲೆ ನಿರ್ಧರಿಸಬೇಕು.

ಜೋಡಣೆಯಲ್ಲಿ ಎಡವುವ ಜಾಗಗಳು

ಬಹಳ ಮಂದಿ ಟ್ಯಾಬ್ಲೆಟ್ ತಂದು, ಎರಡು ದಿನ ಬಳಸಿ, “ಇದು ಹೇಳಿದಂತೆ ಕೇಳುವುದಿಲ್ಲ” ಎಂದು ಕಪಾಟಿನಲ್ಲಿಡುತ್ತಾರೆ. ಹೆಚ್ಚಿನ ಪ್ರಸಂಗಗಳಲ್ಲಿ ದೋಷ ಜೋಡಣೆಯದು.

ಡ್ರೈವರ್ ತಂತ್ರಾಂಶವನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹಿಂದೆ ಬೇರೆ ಟ್ಯಾಬ್ಲೆಟ್ ಬಳಸಿದ್ದರೆ ಅದರ ಡ್ರೈವರನ್ನು ಮೊದಲು ತೆಗೆದುಹಾಕತಕ್ಕದ್ದು, ಏಕೆಂದರೆ ಎರಡೂ ಒಟ್ಟಿಗಿದ್ದರೆ ಪೆನ್ನಿನ ಒತ್ತಡ ಕೆಲಸ ಮಾಡದೆ ಹೋಗುವುದುಂಟು. ಅನಂತರ ಗಮನಿಸಬೇಕಾದದ್ದು ಹಲಗೆ ಮತ್ತು ಪರದೆಗಳ ಉದ್ದಗಲದ ಪ್ರಮಾಣ. ಇವೆರಡೂ ಹೊಂದದಿದ್ದರೆ ಹಲಗೆಯ ಮೇಲೆ ಬರೆದ ದುಂಡು ವೃತ್ತ ಪರದೆಯ ಮೇಲೆ ಮೊಟ್ಟೆಯಾಕಾರ ತಾಳುತ್ತದೆ. ಡ್ರೈವರ್‌ನಲ್ಲಿ ಪ್ರಮಾಣ ಹೊಂದಿಸುವ ಸೌಲಭ್ಯವಿರುತ್ತದೆ. ಒಂದು ಬಳೆಯನ್ನು ಹಲಗೆಯ ಮೇಲಿಟ್ಟು ಅದರ ಸುತ್ತ ಗೆರೆ ಎಳೆದು ನೋಡಿದರೆ ಸರಿಯಾಗಿದೆಯೇ ಇಲ್ಲವೇ ಎಂಬುದು ಕೂಡಲೇ ತಿಳಿಯುತ್ತದೆ. ಎರಡು ಪರದೆಗಳಿದ್ದಲ್ಲಿ ಹಲಗೆಯನ್ನು ಒಂದೇ ಪರದೆಗೆ ನಿಗದಿಪಡಿಸಬೇಕು. ಎಡಗೈಯವರಿಗೆ ಹಲಗೆಯನ್ನು 180 ಡಿಗ್ರಿ ತಿರುಗಿಸುವ ಏರ್ಪಾಡು ಅದೇ ಡ್ರೈವರ್‌ನಲ್ಲಿದೆ.

ವಿಂಡೋಸ್‌ನಲ್ಲಿ ಪೆನ್ನನ್ನು ಒತ್ತಿಹಿಡಿದರೆ ಒಂದು ಉಂಗುರ ಮೂಡಿ, ಮೌಸ್‌ನ ಬಲಗುಂಡಿ ಒತ್ತಿದಂತಾಗುತ್ತದೆ. ಚಿತ್ರ ತಿದ್ದುವವರಿಗೆ ಇದು ದೊಡ್ಡ ಕಿರುಕುಳ. ಕಂಟ್ರೋಲ್ ಪ್ಯಾನೆಲ್‌ನ ಪೆನ್ನು ಮತ್ತು ಸ್ಪರ್ಶದ ವಿಭಾಗದಲ್ಲಿ ಇದನ್ನು ನಿಲ್ಲಿಸಬಹುದು. ‘ವಿಂಡೋಸ್ ಇಂಕ್’ ಎಂಬ ಆಯ್ಕೆ ಕೆಲವು ತಂತ್ರಾಂಶಗಳಿಗೆ ಬೇಕು, ಕೆಲವಕ್ಕೆ ಅಡ್ಡಿ. ಒತ್ತಡ ಕೆಲಸ ಮಾಡದಿದ್ದಾಗ ಮೊದಲು ಇದನ್ನೇ ಬದಲಿಸಿ ನೋಡತಕ್ಕದ್ದು.

ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ ಇರುವ ಈ ಅಭ್ಯಾಸ ಕೈಗೂಡಲು ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಮೌಸನ್ನು ಬದಿಗಿಟ್ಟು, ಕಡತ ತೆರೆಯುವುದು ಮುಚ್ಚುವುದು ಎಲ್ಲವನ್ನೂ ಪೆನ್ನಿನಲ್ಲಿಯೇ ಮಾಡಿದರೆ ಬೇಗ ಹಿಡಿತ ಬರುತ್ತದೆ. ಪೆನ್ನಿನ ಪ್ಲಾಸ್ಟಿಕ್ ಮೊನೆ ಸವೆಯುವ ವಸ್ತು. ಪೆಟ್ಟಿಗೆಯಲ್ಲಿ ಬದಲಿ ಮೊನೆಗಳಿರುತ್ತವೆ. ಒಂದು ಕಡೆ ಓರೆಯಾಗಿ ಚೂಪಾದೊಡನೆ ಬದಲಿಸದಿದ್ದರೆ ಹಲಗೆಯ ಮೇಲೆ ಗೀರು ಬೀಳುತ್ತದೆ.

ತಂತ್ರಾಂಶಗಳ ವಿಷಯ ಚುಟುಕಾಗಿ: ಛಾಯಾಚಿತ್ರಕ್ಕೆ ಜಿಂಪ್, ಚಿತ್ರರಚನೆಗೆ ಕ್ರಿಟಾ, ಫಲಕ ಹಾಗೂ ಲಾಂಛನಗಳಿಗೆ ಇಂಕ್‌ಸ್ಕೇಪ್. ಮೂರೂ ಉಚಿತ, ವ್ಯಾಪಾರದ ಉಪಯೋಗಕ್ಕೂ ನಿರ್ಬಂಧವಿಲ್ಲ. ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ ಕಳ್ಳಪ್ರತಿಯ ತಂತ್ರಾಂಶವನ್ನು ಟ್ಯಾಲಿ ಲೆಕ್ಕ, ಜಿಎಸ್‌ಟಿ ಕಡತಗಳಿರುವ ಗಣಕಕ್ಕೆ ಹಾಕುವುದು ತಿಜೋರಿಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಛಾಯಾಚಿತ್ರ ತಿದ್ದುವ ಕ್ರಮ: ಬಿದರಿ ವಸ್ತುವಿನ ಉದಾಹರಣೆ

ಚಿತ್ರ ತೆಗೆಯಲು ಕಷ್ಟವಾದ ಸರಕುಗಳಲ್ಲಿ ಬೀದರಿನ ಬಿದರಿ ಕಲೆಯ ವಸ್ತುಗಳದು ಮೊದಲ ಸಾಲು. ಸತುವೇ ಪ್ರಧಾನವಾಗಿ, ಸ್ವಲ್ಪ ತಾಮ್ರ ಬೆರೆತ ಲೋಹದ ಎರಕ. ಅದರಲ್ಲಿ ಕೊರೆದ ನಕ್ಷೆಯೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಒಡಲು ಕಾಡಿಗೆಯಂತೆ ಕಪ್ಪು, ಬೆಳ್ಳಿ ಥಳಥಳ. ಕ್ಯಾಮೆರಾ ಕಪ್ಪನ್ನು ಕಂಡು ಬೆಳಕು ಸಾಲದೆಂದು ತಿಳಿದು ಚಿತ್ರವನ್ನು ಹೆಚ್ಚು ಬೆಳಗಿಸುತ್ತದೆ. ಪರಿಣಾಮವಾಗಿ ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ಗೆರೆಗಳೊಳಗಿನ ಸೂಕ್ಷ್ಮ ಕೆಲಸವೆಲ್ಲ ಬಿಳಿಯಾಗಿ ಅಳಿಸಿಹೋಗುತ್ತದೆ.

ಹೀಗೆ ಅಳಿಸಿಹೋದದ್ದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಆದ್ದರಿಂದ ಅರ್ಧ ಕೆಲಸ ಚಿತ್ರ ತೆಗೆಯುವಾಗಲೇ ಆಗಬೇಕು. ನೇರ ಬಿಸಿಲು ಬೀಳದ ಕಿಟಕಿಯ ಬಳಿ, ತೆಳು ಬಿಳಿಯ ಬಟ್ಟೆ ಅಥವಾ ಬೆಣ್ಣೆ ಕಾಗದದ ಮೂಲಕ ಬರುವ ಬೆಳಕಿನಲ್ಲಿ, ಕ್ಯಾಮೆರಾವನ್ನಾಗಲಿ ಮೊಬೈಲನ್ನಾಗಲಿ ಸ್ಟ್ಯಾಂಡಿನ ಮೇಲಿರಿಸಿ, ಎಕ್ಸ್‌ಪೋಷರನ್ನು ಒಂದು ಹಂತದಷ್ಟು ಇಳಿಸಿ ತೆಗೆಯಬೇಕು. ಮೊದಲ ಚಿತ್ರದಲ್ಲಿ ವಸ್ತುವಿನ ಪಕ್ಕ ಒಂದು ಬಿಳಿ ಕಾಗದವನ್ನಿಟ್ಟರೆ ಬಣ್ಣ ಸರಿಪಡಿಸಲು ಆಧಾರ ದೊರೆಯುತ್ತದೆ.

ಗಣಕದಲ್ಲಿ ಮೊದಲು ಮೂಲ ಚಿತ್ರದ ನಕಲು ಮಾಡಿಕೊಳ್ಳುವುದು. ಹಿನ್ನೆಲೆ ತೆಗೆಯಲು ಹೊಸಬರು ಅಳಿಸುವ ರಬ್ಬರನ್ನು ಹಿಡಿಯುತ್ತಾರೆ, ಅದು ಸಲ್ಲದು. ಅಳಿಸಿದ್ದು ಹೋದಂತೆಯೇ. ಅದರ ಬದಲು ಲೇಯರ್ ಮಾಸ್ಕ್ ಬಳಸಬೇಕು. ಇದು ಚಿತ್ರದ ಮೇಲೆ ಹೊದಿಸಿದ ಮುಸುಕಿನಂತೆ: ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಹೂಜಿಯ ಕಂಠ, ತಟ್ಟೆಯ ಅಂಚಿನಂತಹ ನುಣುಪಾದ ಗೆರೆಗಳನ್ನು ಪಾತ್ ಉಪಕರಣದಿಂದ ಹಿಡಿಯುವುದು ಸುಲಭ; ಇದಕ್ಕೆ ಮೌಸ್ ಆದರೂ ಆದೀತು. ಸೀರೆಯ ಕುಚ್ಚು, ಕೆತ್ತಿದ ಮರದ ಅಂಚು, ನಾರಿನ ಚೀಲ ಇತ್ಯಾದಿಗಳಲ್ಲಿ ಮಾತ್ರ ಪೆನ್ನಿಗೆ ಸಾಟಿಯಿಲ್ಲ. ಕುಂಚದ ದಪ್ಪವನ್ನು ಒತ್ತಡಕ್ಕೆ ಜೋಡಿಸಿದರೆ, ಮೆಲ್ಲಗೆ ಒತ್ತಿ ಒಂದೊಂದೇ ಎಳೆಯನ್ನು ಉಳಿಸಿಕೊಳ್ಳಬಹುದು, ಜೋರಾಗಿ ಒತ್ತಿ ಅಗಲವಾದ ಜಾಗವನ್ನು ಮುಚ್ಚಬಹುದು. ಜಿಂಪ್‌ನಲ್ಲಿ ಈ ಜೋಡಣೆ ‘ಡೈನಾಮಿಕ್ಸ್’ ಎಂಬ ಹೆಸರಿನಲ್ಲಿದೆ. ಅದನ್ನು ಆರಿಸದೆ ಒತ್ತಡ ಕೆಲಸ ಮಾಡುತ್ತಿಲ್ಲವೆಂದು ದೂರುವವರೇ ಹೆಚ್ಚು.

ಅನಂತರ ಕಪ್ಪು ಮತ್ತು ಬೆಳ್ಳಿ. ಕಡಿಮೆ ಪ್ರಮಾಣಕ್ಕೆ ಇಟ್ಟ ‘ಬರ್ನ್’ ಉಪಕರಣದಿಂದ ಒಡಲಿನ ಮೇಲೆ ಹಗುರವಾಗಿ ಎರಡು ಮೂರು ಬಾರಿ ಆಡಿಸಿದರೆ ಬೂದುಬಣ್ಣ ಕಪ್ಪಿಗೆ ಮರಳುತ್ತದೆ. ಬೆಳ್ಳಿಯ ಬಳ್ಳಿಯ ಜಾಡಿನಲ್ಲಿ ‘ಡಾಡ್ಜ್’ ಉಪಕರಣವನ್ನು ಅದಕ್ಕಿಂತಲೂ ಹಗುರವಾಗಿ ನಡೆಸಬೇಕು. ಇಲ್ಲಿ ಒತ್ತಡವನ್ನು ದಪ್ಪಕ್ಕಲ್ಲ, ಗಾಢತೆಗೆ ಜೋಡಿಸಿಕೊಳ್ಳತಕ್ಕದ್ದು. ವಸ್ತುವಿನ ಬುಡದಲ್ಲಿ ಒಂದಿಷ್ಟು ನೆರಳನ್ನು ಬೇರೆ ಲೇಯರ್‌ನಲ್ಲಿ ಮೆತ್ತಗೆ ಬಳಿಯದಿದ್ದರೆ ಹೂಜಿ ಗಾಳಿಯಲ್ಲಿ ತೇಲುವಂತೆ ಕಾಣುತ್ತದೆ.

ಅಂತಿಮ ಕಡತದ ಅಳತೆ ಬಳಕೆಗೆ ತಕ್ಕಂತೆ ಬೇರೆ ಬೇರೆ. ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ವಸ್ತುವು ಚೌಕಟ್ಟಿನ ಶೇ. 85ರಷ್ಟನ್ನು ತುಂಬಬೇಕು, ಹಿಗ್ಗಿಸಿ ನೋಡುವ ಸೌಲಭ್ಯ ಸಿಗಲು ಉದ್ದದ ಬದಿ 1000 ಪಿಕ್ಸೆಲ್‌ಗಿಂತ ಕಡಿಮೆಯಿರಬಾರದು. ಮುದ್ರಿತ ಕ್ಯಾಟಲಾಗಿನ ಪೂರ್ಣ ಎ4 ಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ 2480 x 3508 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಕಡತ ಕುಗ್ಗುವುದರಿಂದ ಮುದ್ರಣಾಲಯಕ್ಕೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು.

ಎಲ್ಲಿಗೆ ನಿಲ್ಲಿಸಬೇಕು?

ಪೆನ್ನು ಕೈಗೆ ಒಗ್ಗಿದ ಮೇಲೆ ತಿದ್ದುವ ಚಪಲ ಹೆಚ್ಚುತ್ತದೆ. ಚಿತ್ರ ತೆಗೆಯುವಾಗ ಕುಳಿತ ಧೂಳು, ಬೆರಳಚ್ಚು, ಮೇಜಿನ ಕಲೆ, ಇವನ್ನು ತೆಗೆಯುವುದು ನ್ಯಾಯ. ಸರಕಿನಲ್ಲಿಯೇ ಇರುವ ಗೀರನ್ನು ಮುಚ್ಚುವುದು, ಇಳಕಲ್ ಸೀರೆಯ ದಾಳಿಂಬೆ ಕೆಂಪನ್ನು ಇನ್ನಷ್ಟು ಮೆರುಗಾಗಿಸುವುದು, ನಾಲ್ಕು ಬೆರಳಿನ ಅಂಚನ್ನು ಆರು ಬೆರಳಾಗಿಸುವುದು ಗ್ರಾಹಕನಿಗೆ ಸುಳ್ಳು ಹೇಳಿದಂತೆ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಸರಕಿನಲ್ಲಿಲ್ಲದಿದ್ದರೆ ಅದನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಹೋಗಿ ಬರುವ ಸಾಗಣೆ ವೆಚ್ಚದ ಹೊರೆ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕೈಕೆಲಸದ ವಸ್ತುಗಳಲ್ಲಂತೂ ಸಣ್ಣ ಏರುಪೇರುಗಳೇ ಅವು ಯಂತ್ರದಿಂದ ಬಂದವಲ್ಲ ಎಂಬುದಕ್ಕೆ ಸಾಕ್ಷಿ. ಅವನ್ನು ನುಣ್ಣಗೆ ಒರೆಸಿದರೆ ಬೆಲೆಯ ಕಾರಣವನ್ನೇ ಒರೆಸಿದಂತಾಗುತ್ತದೆ.

ತಿದ್ದಿದ ಚಿತ್ರವನ್ನು ಸರಕಿನ ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ, ತಿದ್ದದ ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿ ಒಳ್ಳೆಯದು.

ವಿನ್ಯಾಸ ಬರೆಯುವುದು

ಬಿದರಿ ತಟ್ಟೆಯ ದುಂಡು ನಕ್ಷೆಯನ್ನು ಬರೆಯಲು ಕ್ರಿಟಾದ ‘ಮಲ್ಟಿಬ್ರಷ್’ ಉಪಯುಕ್ತ. ಎಂಟು ಭಾಗಗಳೆಂದು ಸೂಚಿಸಿದರೆ ಒಂದು ಭಾಗದಲ್ಲಿ ಬರೆದ ಬಳ್ಳಿ ಉಳಿದ ಏಳರಲ್ಲಿಯೂ ಆ ಕ್ಷಣವೇ ಮೂಡುತ್ತದೆ. 20 ಸೆಂಟಿಮೀಟರ್ ವ್ಯಾಸದ ತಟ್ಟೆಗೆ 300 ಡಿಪಿಐನಲ್ಲಿ 2362 ಪಿಕ್ಸೆಲ್‌ನ ಚೌಕ ತೆಗೆದುಕೊಂಡರೆ ಮುದ್ರಿಸಿದಾಗ ನಿಜವಾದ ಅಳತೆಯೇ ಬರುತ್ತದೆ. ಲೋಹದ ಮೇಲೆ ಉಕ್ಕಿನ ಮೊನೆಯಿಂದ ಕೈಬರಹದಲ್ಲೇ ನಕ್ಷೆ ಗೀಚುವ ಕುಶಲಕರ್ಮಿಗೆ ಇದರ ಅಗತ್ಯ ಇಲ್ಲದಿರಬಹುದು. ಆದರೆ ಐವತ್ತು ತಟ್ಟೆಗಳ ಆದೇಶ ನೀಡುವ ಗ್ರಾಹಕನಿಗೆ ಮೂರು ಬಗೆಯ ನಕ್ಷೆಗಳನ್ನು ಮೊದಲೇ ತೋರಿಸಿ ಒಪ್ಪಿಸಿಕೊಳ್ಳಲು ವ್ಯಾಪಾರಿಗೆ ಇದು ಬೇಕು. ಮುದ್ರಿತ ಬಟ್ಟೆಯ ತಯಾರಕರಿಗೆ ಅದೇ ತಂತ್ರಾಂಶದ ‘ರ‍್ಯಾಪ್ ಅರೌಂಡ್’ ವಿಧಾನ ಉತ್ತಮ. ಚೌಕದ ಬಲ ಅಂಚಿನಿಂದ ಹೊರಬಿದ್ದ ಗೆರೆ ಎಡ ಅಂಚಿನಿಂದ ಒಳಬರುವುದರಿಂದ ಪುನರಾವರ್ತನೆಯಲ್ಲಿ ಬೆಸುಗೆ ಕಾಣುವುದಿಲ್ಲ.

ನೇಯ್ಗೆಯ ನಕ್ಷೆಯ ದಾರಿ ಬೇರೆ. ಜಕಾರ್ಡ್ ಮಗ್ಗಕ್ಕೆ ಗ್ರಾಫ್ ಕಾಗದದಲ್ಲಿ ಮನೆಗಳನ್ನು ತುಂಬುವಂತೆ ಇಲ್ಲಿ ಒಂದು ಪಿಕ್ಸೆಲ್ ಒಂದು ಮನೆ. 240 ಹುಕ್ಕಿನ ಜಕಾರ್ಡ್‌ಗೆ 240 ಪಿಕ್ಸೆಲ್ ಅಗಲದ ಚಿತ್ರ ಸಾಕು. ಕುಂಚವನ್ನು ಒಂದು ಪಿಕ್ಸೆಲ್‌ಗೆ ಇಳಿಸಿ, ಒತ್ತಡವನ್ನೂ ಅಂಚು ನುಣುಪಾಗಿಸುವ ಆಯ್ಕೆಯನ್ನೂ ಪೂರ್ಣವಾಗಿ ತೆಗೆದುಹಾಕತಕ್ಕದ್ದು. ಅಂಚಿನಲ್ಲಿ ಬೂದುಬಣ್ಣದ ಮನೆ ಉಳಿದರೆ ಎಳೆ ಏಳಬೇಕೋ ಇಳಿಯಬೇಕೋ ಎಂಬುದು ಇತ್ಯರ್ಥವಾಗುವುದಿಲ್ಲ.

ಅಂಗಡಿಯ ನಾಮಫಲಕಗಳಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ. ಅವಸರದಲ್ಲಿ ಬರೆಸಿದ ಅನೇಕ ಫಲಕಗಳಲ್ಲಿ ಒಂದೇ ಅಚ್ಚಿನ ಅಕ್ಷರಗಳು, ಒತ್ತಕ್ಷರಗಳು ಕತ್ತರಿಸಿಹೋದದ್ದೂ ಉಂಟು. ಅಂಗಡಿಯ ಹೆಸರನ್ನು ಒಳ್ಳೆಯ ಕೈಬರಹದವರಿಂದ ಪೆನ್ನಿನಲ್ಲಿ ಬರೆಯಿಸಿ, ಇಂಕ್‌ಸ್ಕೇಪ್‌ನಲ್ಲಿ ವೆಕ್ಟರ್ ರೂಪಕ್ಕೆ ತಂದರೆ ವಿಸಿಟಿಂಗ್ ಕಾರ್ಡಿಗೂ ಹದಿನೈದು ಅಡಿಯ ಫಲಕಕ್ಕೂ ಅದೇ ಕಡತ ಸಲ್ಲುತ್ತದೆ.

ಹಕ್ಕು ಮತ್ತು ಲೆಕ್ಕ

ಹೊರಗಿನವರಿಂದ ಕೆಲಸ ಮಾಡಿಸುವುದು ತಪ್ಪದಿದ್ದಲ್ಲಿ, ಜೆಪೆಗ್ ಚಿತ್ರವಷ್ಟೇ ಅಲ್ಲದೆ ಲೇಯರ್‌ಗಳುಳ್ಳ ಮೂಲ ಕಡತವನ್ನೂ ಕೊಡಬೇಕು, ಹಕ್ಕು ನಮ್ಮದು ಎಂದು ಮೊದಲೇ ಬರವಣಿಗೆಯಲ್ಲಿ ಪಡೆದಿಡಬೇಕು. ನಮ್ಮಲ್ಲೇ ತಯಾರಾದ ಕಡತಗಳನ್ನು ದಿನಾಂಕ ಸಹಿತ ಬೇರೊಂದು ಹಾರ್ಡ್ ಡಿಸ್ಕ್‌ನಲ್ಲಿ ಇರಿಸತಕ್ಕದ್ದು.

ಹೊಸ ವಿನ್ಯಾಸಗಳ ವಿಷಯದಲ್ಲಿ ವಿನ್ಯಾಸ ಕಾಯ್ದೆ, 2000ರ ಒಂದು ಅಂಶವನ್ನು ಸದಸ್ಯರು ನೆನಪಿಡಬೇಕು. ಅರ್ಜಿ ಸಲ್ಲಿಸುವ ಮೊದಲೇ ಸಾರ್ವಜನಿಕವಾಗಿ ಪ್ರಕಟಗೊಂಡ ವಿನ್ಯಾಸಕ್ಕೆ ನೋಂದಣಿ ದೊರೆಯುವುದಿಲ್ಲ. ಹೊಸ ನಕ್ಷೆ ಬರೆದ ಉತ್ಸಾಹದಲ್ಲಿ ಆ ಸಂಜೆಯೇ ಅದನ್ನು ಅಂತರಜಾಲದಲ್ಲಿ ಹಾಕಿದವರು ತಮ್ಮ ಹಕ್ಕಿಗೆ ತಾವೇ ಅಡ್ಡಿಯಾಗುತ್ತಾರೆ. ನೋಂದಣಿಯಾದರೆ ಮೊದಲು ಹತ್ತು ವರ್ಷ, ಬಳಿಕ ಅರ್ಜಿ ಸಲ್ಲಿಸಿದಲ್ಲಿ ಇನ್ನೂ ಐದು ವರ್ಷ ರಕ್ಷಣೆಯಿದೆ. ಕೃತಿಸ್ವಾಮ್ಯ ಹೇಗೂ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆಂದು ಕೃತಿಸ್ವಾಮ್ಯ ಕಾಯ್ದೆಯ 15ನೇ ಪ್ರಕರಣ ಹೇಳುತ್ತದೆ. ಕಸೂತಿಯ ಗೋಪುರ, ತೇರುಗಳಂತಹ ಪರಂಪರೆಯ ನಕ್ಷೆಗಳು ಹೊಸವಲ್ಲವಾದ್ದರಿಂದ ಅವನ್ನು ಯಾರೂ ತಮ್ಮದೆಂದು ನೋಂದಾಯಿಸಿಕೊಳ್ಳಲಾಗದು.

ಟ್ಯಾಬ್ಲೆಟ್ ಕೊಳ್ಳುವಾಗ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲನ್ನೇ ಪಡೆಯಬೇಕು. ವ್ಯವಹಾರಕ್ಕೆ ಬಳಸಿದಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆ ತೆರಿಗೆಯ ಭಾಗವನ್ನೂ ಆಸ್ತಿಯ ಮೌಲ್ಯಕ್ಕೆ ಸೇರಿಸಿ ಸವಕಳಿ ತೋರಿಸಿದ್ದರೆ ಜಮೆ ಸಿಗದು. ಕಾಂಪೋಸಿಷನ್ ಯೋಜನೆಯಲ್ಲಿರುವ ವರ್ತಕರಿಗೆ ಈ ಜಮೆಯ ಸೌಲಭ್ಯವಿಲ್ಲದ ಕಾರಣ ಅವರು ತೆರಿಗೆ ಸೇರಿದ ಪೂರ್ಣ ಬೆಲೆಯನ್ನೇ ವೆಚ್ಚವೆಂದು ಹಿಡಿದು ಮೇಲಿನ 75 ಚಿತ್ರಗಳ ಲೆಕ್ಕವನ್ನು ಮಾಡಿಕೊಳ್ಳಬೇಕು.